ಕೈಕೋಳ ಮಾರಿ ಪುಸ್ತಕ ಕೊಂಡ ಕಾಲೇಜು

ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ 1866ರ ಜನವರಿಯಲ್ಲಿ ಒಂದು ಶಾಲೆ ಶುರುವಾಯಿತು. ಕಟ್ಟಡವೆಂದರೆ ಅಂತರ್ಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಗೆಂದು ಹಾಕಿದ್ದ ಶೆಡ್ಡುಗಳು. ಓದಲು ಬಂದವರಲ್ಲಿ ಹೆಚ್ಚಿನವರು ಮೊನ್ನೆಮೊನ್ನೆಯವರೆಗೆ ಗುಲಾಮರಾಗಿದ್ದವರು. ಏಳು ವರ್ಷದ ಮಕ್ಕಳಿಂದ ಎಪ್ಪತ್ತರ ಮುದುಕರವರೆಗೆ ಎಲ್ಲರೂ ಅಲ್ಲಿದ್ದರು. ಪುಸ್ತಕಕ್ಕೆ ದುಡ್ಡಿರಲಿಲ್ಲ. ಊರಿನಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದ ಜಾಗದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕೈಕೋಳ, ಸಂಕೋಲೆಗಳನ್ನು ಗುಜರಿಗೆ ಹಾಕಿ, ಬಂದ ಹಣದಲ್ಲಿ ಅಕ್ಷರ ಕಲಿಯುವ ಪುಸ್ತಕ ತಂದರು ಎಂಬ ಕಥೆಯನ್ನು, ಆ ಶಾಲೆಯೇ ಬೆಳೆದು ಆದ ಫಿಸ್ಕ್ ವಿಶ್ವವಿದ್ಯಾಲಯದವರು ಇಂದಿಗೂ ಹೇಳುತ್ತಾರೆ.

ಇಂಥ ವಿದ್ಯಾಸಂಸ್ಥೆಗಳು ಅಮೆರಿಕದಲ್ಲಿ ಸುಮಾರು ನೂರಿವೆ. 1964ಕ್ಕೆ ಮೊದಲು, ಮುಖ್ಯವಾಗಿ ಕಪ್ಪು ಜನರ ಶಿಕ್ಷಣಕ್ಕೆಂದೇ ಹುಟ್ಟಿದವುಗಳನ್ನು ಅಲ್ಲಿನ ಕಾನೂನು ‘ಎಚ್‌ಬಿಸಿಯು’ ಎಂದು ಗುರುತಿಸುತ್ತದೆ. ಹೈಸ್ಕೂಲು ಮುಗಿಸುವ ಮಕ್ಕಳಿರುವ ಕಪ್ಪು ಕುಟುಂಬಗಳಲ್ಲಿ ಪ್ರತಿ ವರ್ಷವೂ ಅದೇ ಚರ್ಚೆ: ಹೊವರ್ಡೋ, ಸ್ಪೆಲ್ಮನ್ನೋ, ಮೋರ್‌ಹೌಸೋ, ಟಸ್ಕೀಗಿಯೋ? ಕೈಯಲ್ಲೊಂದು ರ‍್ಯಾಂಕ್ ಪಟ್ಟಿ ಇದ್ದೇ ಇರುತ್ತದೆ. ಅದರ ತುದಿಯಲ್ಲಿ ಹಲವು ವರ್ಷಗಳಿಂದ ಅಟ್ಲಾಂಟಾದ ಮಹಿಳಾ ಕಾಲೇಜು ಸ್ಪೆಲ್ಮನ್ ಕೂತಿದೆ. ಪಟ್ಟಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಈ ಕಾಲೇಜುಗಳ ಸ್ವಭಾವ ತಿಳಿಯಬೇಕೆಂದರೆ ಪಟ್ಟಿಗಿಂತ ಅವುಗಳ ಹುಟ್ಟನ್ನು ಕೇಳುವುದು ಒಳ್ಳೆಯದು.

ಗುಲಾಮರಿಗೆ ಅಕ್ಷರ ಕಲಿಸುವುದು ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ದಕ್ಷಿಣ ಕೆರೊಲೈನಾ 1740ರಲ್ಲೇ ಅಂಥ ಕಾಯ್ದೆ ಮಾಡಿತ್ತು. ಹಾಗಾಗಿ ಮೊದಲ ಶಾಲೆಗಳು ಉತ್ತರದಲ್ಲಿ ಹುಟ್ಟಿದವು. ಪೆನ್ಸಿಲ್ವೇನಿಯಾದ ಚೇನಿ ವಿಶ್ವವಿದ್ಯಾಲಯದ ಮೂಲ 1837ರದು; ರಿಚರ್ಡ್ ಹಂಫ್ರೀಸ್ ಎಂಬ ಕ್ವೇಕರ್ ಪಂಥದ ಕ್ರೈಸ್ತರೊಬ್ಬರು ಉಯಿಲಿನಲ್ಲಿ ಬರೆದಿಟ್ಟ 10,000 ಡಾಲರ್‌ನಿಂದ ಅದು ಆರಂಭವಾಯಿತು. ಅಂತರ್ಯುದ್ಧ ಮುಗಿದದ್ದೇ ತಡ, ದಕ್ಷಿಣದಲ್ಲಿ ಸಾಲುಸಾಲಾಗಿ ಶಾಲೆಗಳೆದ್ದವು. ಜಾಗ ಎಲ್ಲಿ ಸಿಕ್ಕರೆ ಅಲ್ಲಿ. ಮೋರ್‌ಹೌಸ್ 1867ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಆರಂಭವಾಯಿತು. 1881ರಲ್ಲಿ ಸ್ಪೆಲ್ಮನ್ ಶುರುವಾದದ್ದೂ ಚರ್ಚಿನ ನೆಲಮಾಳಿಗೆಯಲ್ಲೇ: ಹನ್ನೊಂದು ವಿದ್ಯಾರ್ಥಿನಿಯರು, 100 ಡಾಲರ್ ದೇಣಿಗೆ. ಮುಂದೆ ಎಣ್ಣೆ ಸಾಹುಕಾರ ರಾಕ್‌ಫೆಲರ್ ಕೈಹಿಡಿದ; ಕಾಲೇಜಿಗೆ ಅವನ ಹೆಂಡತಿಯ ತವರಿನ ಹೆಸರು ಬಂತು.

ಟಸ್ಕೀಗಿಯ ಕಥೆ ಬೇರೆ. ಅದೇ 1881ರಲ್ಲಿ ಅಲಬಾಮಾದ ಆ ಊರಿಗೆ ಬಂದ ಬುಕರ್ ಟಿ. ವಾಷಿಂಗ್ಟನ್ ಸ್ವತಃ ಗುಲಾಮರ ಮನೆಯಲ್ಲಿ ಹುಟ್ಟಿದವರು. ಕಟ್ಟಡ ಬೇಕು, ಇಟ್ಟಿಗೆ ಕೊಳ್ಳಲು ಕಾಸಿಲ್ಲ. ನಾವೇ ಸುಡೋಣ ಎಂದರು. ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಮಣ್ಣು ತುಳಿಯುವುದು ಹುಡುಗರಿಗೆ ಹಿಡಿಸಲಿಲ್ಲ. ಓದಲು ಬಂದವರಿಗೆ ಇದೇನು ಕರ್ಮ ಎಂದು ಕೆಲವರು ಶಾಲೆಯನ್ನೇ ಬಿಟ್ಟುಹೋದರು. ಮೊದಲ ಗೂಡು ಕೆಟ್ಟಿತು. ಎರಡನೆಯದೂ ಕೆಟ್ಟಿತು, ಮೂರನೆಯದೂ. ವಾಷಿಂಗ್ಟನ್ ತಮ್ಮ ಗಡಿಯಾರವನ್ನು ಮಾಂಟ್‌ಗೊಮರಿಯಲ್ಲಿ 15 ಡಾಲರಿಗೆ ಗಿರವಿ ಇಟ್ಟು ನಾಲ್ಕನೇ ಗೂಡು ಹಚ್ಚಿದರು. ಅದು ಸರಿಯಾಗಿ ಬೆಂದಿತು. ಗಡಿಯಾರವನ್ನು ಬಿಡಿಸಿಕೊಳ್ಳಲು ಮಾತ್ರ ಆಗಲಿಲ್ಲ. ಕೈಕಸುಬು ಮೊದಲು ಎಂಬ ಅವರ ನಿಲುವನ್ನು ಫಿಸ್ಕ್‌ನಲ್ಲಿ ಓದಿದ ಡಬ್ಲ್ಯು. ಇ. ಬಿ. ಡುಬಾಯ್ಸ್ ಕಟುವಾಗಿ ಟೀಕಿಸಿದರು. ಕಪ್ಪು ಜನರಿಗೆ ಉನ್ನತ ವಿದ್ಯೆಯೂ ಮತದಾನದ ಹಕ್ಕೂ ಬೇಕು ಎಂದು ವಾದಿಸಿದರು. ವಾದದಲ್ಲಿ ಡುಬಾಯ್ಸ್ ಪಕ್ಷವೇ ಗಟ್ಟಿ ಎಂದು ನನಗನಿಸುತ್ತದೆ. ಆದರೆ ಇಟ್ಟಿಗೆ ಬೆಂದದ್ದು ವಾಷಿಂಗ್ಟನ್ನರ ಗೂಡಿನಲ್ಲಿ!

ಫಿಸ್ಕನ್ನು ಉಳಿಸಿದ್ದು ಹಾಡು. 1871ರಲ್ಲಿ ಕಾಲೇಜು ಮುಚ್ಚುವ ಸ್ಥಿತಿಗೆ ಬಂದಾಗ ಖಜಾಂಚಿ ಜಾರ್ಜ್ ವೈಟ್ ಒಂಬತ್ತು ವಿದ್ಯಾರ್ಥಿಗಳ ಮೇಳ ಕಟ್ಟಿಕೊಂಡು ಊರೂರು ಹೊರಟರು. ಗುಲಾಮಗಿರಿಯ ದಿನಗಳಲ್ಲಿ ಹೊಲಗಳಲ್ಲಿ ಹಾಡುತ್ತಿದ್ದ ಭಕ್ತಿಗೀತೆಗಳನ್ನು ಬಿಳಿಯರ ಸಭೆಯಲ್ಲಿ ಹಾಡಲು ಹುಡುಗ ಹುಡುಗಿಯರಿಗೆ ಮೊದಮೊದಲು ಹಿಂಜರಿಕೆ. ಹಾಡಿದ ಮೇಲೆ ಮಾತ್ರ ಜನ ಬೇರೆ ಹಾಡು ಕೇಳಲಿಲ್ಲ. ಹೋಟೆಲುಗಳು ಅವರಿಗೆ ಕೋಣೆ ಕೊಡಲು ನಿರಾಕರಿಸುತ್ತಿದ್ದ ಕಾಲದಲ್ಲೇ, 1873ರಲ್ಲಿ, ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಅವರ ಹಾಡು ಕೇಳಿದಳು. ಹಾಡಿ ಗಳಿಸಿದ ದುಡ್ಡಿನಲ್ಲಿ ಎದ್ದ ಜುಬಿಲಿ ಹಾಲ್ ಇವತ್ತಿಗೂ ಫಿಸ್ಕ್‌ನಲ್ಲಿದೆ.

ರಾಜಧಾನಿ ವಾಷಿಂಗ್ಟನ್ನಿನ ಹೊವರ್ಡ್ 1867ರಲ್ಲಿ ಸಂಸತ್ತಿನ ಸನ್ನದಿನಿಂದ ಹುಟ್ಟಿದ್ದು. ಕಾನೂನು ಅದರ ಕೈಯ ಆಯುಧವಾಯಿತು. 1930ರ ಸುಮಾರಿಗೆ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅಲ್ಲಿನ ಸಂಜೆ ಲಾ ಕಾಲೇಜನ್ನು ಪೂರ್ಣಾವಧಿಯದನ್ನಾಗಿ ಮಾಡಿ, ವರ್ಣಭೇದದ ವಿರುದ್ಧ ಹೋರಾಡಬಲ್ಲ ವಕೀಲರನ್ನು ತಯಾರು ಮಾಡಿದರು. ಅವರ ಶಿಷ್ಯ ಥರ್‌ಗುಡ್ ಮಾರ್ಷಲ್ ಬಾಲ್ಟಿಮೋರಿನವರು. ಮನೆ ಹತ್ತಿರದ ಮೇರಿಲ್ಯಾಂಡ್ ಲಾ ಕಾಲೇಜು ಕಪ್ಪು ಜನರಿಗೆ ಮುಚ್ಚಿತ್ತು. ಹೊವರ್ಡ್‌ನಲ್ಲಿ 1933ರಲ್ಲಿ ಪದವಿ ಪಡೆದ ಮಾರ್ಷಲ್, ಎರಡೇ ವರ್ಷದಲ್ಲಿ ಗುರುವಿನ ಜೊತೆ ಸೇರಿ ಅದೇ ಮೇರಿಲ್ಯಾಂಡ್ ಕಾಲೇಜಿನ ಮೇಲೆ ದಾವೆ ಹೂಡಿ ಗೆದ್ದರು. 1954ರಲ್ಲಿ ಶಾಲೆಗಳ ವರ್ಣಭೇದ ಸಂವಿಧಾನ ವಿರೋಧಿ ಎಂದು ಸುಪ್ರೀಂ ಕೋರ್ಟು ಹೇಳಿದ ಮೊಕದ್ದಮೆಯಲ್ಲೂ ವಾದಿಸಿದ್ದು ಅವರೇ.

ಈ ಕಥೆಯ ಒಂದು ಎಳೆ ನಮ್ಮ ಮೈಸೂರಿಗೂ ಬಂದಿದೆ. 1937ರ ಜನವರಿಯಲ್ಲಿ ಅಲ್ಲಿ ವೈಎಂಸಿಎ ಜಾಗತಿಕ ಸಮ್ಮೇಳನ ನಡೆಯಿತು. ಹೊವರ್ಡ್‌ನ ಧರ್ಮಶಾಸ್ತ್ರ ವಿಭಾಗದ ಡೀನ್ ಬೆಂಜಮಿನ್ ಮೇಸ್, ಗಾಂಧೀಜಿಯನ್ನು ಕಂಡು ಈ ಸಮ್ಮೇಳನಕ್ಕೆ ಬಂದರು. ‘ಅಸ್ಪೃಶ್ಯ’ ಮಕ್ಕಳ ಶಾಲೆಯ ಹೆಡ್‌ಮಾಸ್ತರರೊಬ್ಬರು ಅವರನ್ನು ಕರೆದೊಯ್ದು, ಇವರೂ ನಿಮ್ಮಂತೆ ಅಸ್ಪೃಶ್ಯರೇ, ಎಂಥ ಎತ್ತರಕ್ಕೇರಿದ್ದಾರೆ ನೋಡಿ ಎಂಬ ಅರ್ಥದಲ್ಲಿ ಪರಿಚಯಿಸಿದರಂತೆ. ಮೊದಲು ಬೆಚ್ಚಿದೆ, ಯೋಚಿಸಿದಾಗ ಆ ಮಾತು ನಿಜವೆನಿಸಿತು ಎಂದು ಮೇಸ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1940ರಲ್ಲಿ ಅವರು ಮೋರ್‌ಹೌಸ್ ಅಧ್ಯಕ್ಷರಾದರು. ನಾಲ್ಕು ವರ್ಷದ ಬಳಿಕ ಅಲ್ಲಿಗೆ ಓದಲು ಬಂದ ಹುಡುಗ, ಮಾರ್ಟಿನ್ ಲೂಥರ್ ಕಿಂಗ್.

ಇನ್ನು ದುಡ್ಡಿನ ಮಾತು. 1890ರ ಕಾಯ್ದೆಯಡಿ ಬರುವ, ಕಪ್ಪು ಜನರ ಸರ್ಕಾರಿ ಕೃಷಿ-ತಾಂತ್ರಿಕ ಕಾಲೇಜುಗಳಿಗೆ ಹೆಚ್ಚಿನ ರಾಜ್ಯಗಳು ಬಿಳಿಯರ ಕಾಲೇಜುಗಳ ಸಮಕ್ಕೆ ಹಣ ಕೊಡಲೇ ಇಲ್ಲ. ಮೂರು ದಶಕಗಳಲ್ಲಿ ಹೀಗೆ ಖೋತಾ ಆದ ಮೊತ್ತ 1,200 ಕೋಟಿ ಡಾಲರ್‌ಗೂ ಹೆಚ್ಚು ಎಂದು 2023ರಲ್ಲಿ ಕೇಂದ್ರ ಸರ್ಕಾರವೇ 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆಯಿತು. ಬಡ ಮಕ್ಕಳನ್ನೇ ಹೆಚ್ಚಾಗಿ ಸೇರಿಸಿಕೊಂಡು, ಕಡಿಮೆ ಹಣದಲ್ಲಿ ನಡೆಯುವ ಕಾಲೇಜು ರ‍್ಯಾಂಕ್ ಪಟ್ಟಿಯಲ್ಲಿ ಕೆಳಗಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಆದ್ದರಿಂದ ಪಟ್ಟಿ ಪಕ್ಕಕ್ಕಿಟ್ಟು ಮಗುವಿಗೇನು ಬೇಕೆಂದು ನೋಡುವುದು ಮೇಲು. ಡಾಕ್ಟರಾಗುವ ಆಸೆಯಿದ್ದರೆ ನ್ಯೂ ಆರ್ಲಿಯನ್ಸ್‌ನ ಝೇವಿಯರ್; ಎಂಜಿನಿಯರಿಂಗ್‌ಗೆ ಉತ್ತರ ಕೆರೊಲೈನಾ ಎ ಅಂಡ್ ಟಿ. 1960ರಲ್ಲಿ ಬಿಳಿಯರಿಗಷ್ಟೇ ಮೀಸಲಿದ್ದ ಊಟದ ಕೌಂಟರಿನಲ್ಲಿ ಕೂತು ಸತ್ಯಾಗ್ರಹಕ್ಕೆ ನಾಂದಿ ಹಾಡಿದ ನಾಲ್ವರು ಹುಡುಗರೂ ಅಲ್ಲಿಯವರೇ. ಸ್ಕಾಲರ್‌ಶಿಪ್ ಎಷ್ಟು, ಸಾಲ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೂ ಇಲ್ಲಿ ಅಡ್ಡಿಯಿಲ್ಲ. ಈ ಕಾಲೇಜುಗಳಲ್ಲಿ ಇಂದು ಓದುತ್ತಿರುವವರಲ್ಲಿ ಸುಮಾರು ಕಾಲು ಭಾಗ ಕಪ್ಪು ಸಮುದಾಯದ ಹೊರಗಿನವರು.