ಮಳೆನೀರಿನ ಲೆಕ್ಕ ಮತ್ತು ಶಾಲೆಯ ಅಂಗಳ

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. 2021ರ ನವೆಂಬರ್‌ನಲ್ಲೂ ಅಲ್ಲಿ ನೀರು ನುಗ್ಗಿತ್ತು. ಇಂಥ ಪ್ರತಿ ಮಳೆಯ ಮರುದಿನ ಮಾತೆಲ್ಲ ರಾಜಕಾಲುವೆ ಒತ್ತುವರಿಯ ಸುತ್ತ ತಿರುಗುತ್ತದೆ. ಒತ್ತುವರಿ ಸುಳ್ಳಲ್ಲ. ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆ ಸುಮಾರು 63 ಕಿಲೋಮೀಟರಿಗೆ ಇಳಿದಿದೆ ಎಂದು ಮಹಾಲೇಖಪಾಲರ ವರದಿಯೇ ಹೇಳಿದೆ. ಆದರೆ ಕಾಲುವೆ ಕುಗ್ಗಿದ ಕಾಲದಲ್ಲೇ ಅದಕ್ಕೆ ಬಂದು ಬೀಳುವ ನೀರು ಹಿಗ್ಗಿದೆ. ಆ ನೀರನ್ನು ಕಳಿಸಿದವರು ಯಾರು, ಎಷ್ಟು ಕಳಿಸಿದರು ಎಂಬ ಲೆಕ್ಕವನ್ನು ನಮ್ಮ ಯಾವ ಪಾಲಿಕೆಯೂ ಇಟ್ಟಿಲ್ಲ.

ಬ್ಯಾಟರಾಯನಪುರದ ಸುತ್ತಮುತ್ತಲಿನ ನೆಲ ಈ ಲೆಕ್ಕಕ್ಕೆ ಒಳ್ಳೆಯ ಪಾಠಶಾಲೆ. ಯಲಹಂಕ ಕೆರೆಯ ನೀರು ಅಲ್ಲಾಳಸಂದ್ರಕ್ಕೆ, ಅಲ್ಲಿಂದ ಜಕ್ಕೂರಿಗೆ, ಜಕ್ಕೂರು ಕೋಡಿ ಬಿದ್ದರೆ ರಾಚೇನಹಳ್ಳಿಗೆ. ಮೇಲಿನವರು ಅಂಗಳಕ್ಕೆ ಸಿಮೆಂಟು ಬಳಿದರೆ ಕೆಳಗಿನವರ ಮನೆಯೊಳಗೆ ನೀರು. ಒಂದು ಎಕರೆ ನೆಲದ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಎರಡು ಲಕ್ಷ ಲೀಟರ್ ನೀರು ಬಿದ್ದಂತೆ. ಆ ಎಕರೆ ಪೂರ್ತಿ ಕಾಂಕ್ರೀಟ್ ಆಗಿದ್ದರೆ ಅದರಲ್ಲಿ ಒಂದು ಲಕ್ಷದ ಎಂಬತ್ತು ಸಾವಿರ ಲೀಟರಿನಷ್ಟು ಒಂದು ಗಂಟೆಯೊಳಗೆ ಮೋರಿ ಸೇರುತ್ತದೆ. 12,000 ಲೀಟರಿನ ಹದಿನೈದು ಟ್ಯಾಂಕರ್ ನೀರು ಅದು. 2024ರ ಬೇಸಿಗೆಯಲ್ಲಿ ಇಂಥ ಒಂದೊಂದು ಟ್ಯಾಂಕರಿಗೆ ಜಿಲ್ಲಾಡಳಿತ ಸಾವಿರ ರೂಪಾಯಿ ದರ ಗೊತ್ತುಮಾಡಿದರೂ ಜನ ನೀರಿಗಾಗಿ ಅಲೆದ ಊರಿದು.

2007ರವರೆಗೆ ಬ್ಯಾಟರಾಯನಪುರಕ್ಕೆ ತನ್ನದೇ ನಗರಸಭೆ ಇತ್ತು. ಆಮೇಲೆ ಬಿಬಿಎಂಪಿ ಬಂತು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಉತ್ತರ ನಗರ ಪಾಲಿಕೆ. ಆಡಳಿತ ಬದಲಾದರೂ ಕಂದಾಯದ ಕಣ್ಣು ಬಿದ್ದದ್ದು ಕಟ್ಟಡದ ಮೇಲೆಯೇ. 2008ರಿಂದ ಜಾರಿಯಲ್ಲಿರುವ ಘಟಕ ವಿಸ್ತೀರ್ಣ ಪದ್ಧತಿ ಎಷ್ಟು ಚದರಡಿ ಕಟ್ಟಿದ್ದೀರಿ, ಅದನ್ನು ಯಾವುದಕ್ಕೆ ಬಳಸುತ್ತೀರಿ, ಯಾವ ವಲಯದಲ್ಲಿದೆ ಎಂದು ಕೇಳುತ್ತದೆ. ಸುತ್ತಲಿನ ಅಂಗಳದಲ್ಲಿ ಮಣ್ಣಿದೆಯೋ ಟೈಲ್ಸ್ ಇದೆಯೋ ಕೇಳುವುದಿಲ್ಲ. ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಎಂದು ಉಪಕರಗಳಿವೆ. ಮಳೆನೀರಿಗೆ ಬಾಬ್ತಿಲ್ಲ. ಜಲಮಂಡಳಿಯ ಮಳೆನೀರು ಕೊಯ್ಲಿನ ದಂಡ ಇದೆ, ನಿಜ. ಅದು ನೀರಿನ ಬಿಲ್ಲಿನ ಮೇಲೆ ಬೀಳುವಂಥದ್ದು, ಕಾಲುವೆಯ ಹೂಳೆತ್ತುವ ಕೆಲಸಕ್ಕೂ ಅದಕ್ಕೂ ನಂಟಿಲ್ಲ.

ಹೊರಗಡೆ ಇದಕ್ಕೆ ಬೇರೆ ದಾರಿ ಹುಡುಕಿದ್ದಾರೆ. ಅಮೆರಿಕದ ಬೆಲ್‌ವ್ಯೂ ನಗರ 1974ರಲ್ಲೇ ಮಳೆನೀರು ಚರಂಡಿಗೆಂದು ಪ್ರತ್ಯೇಕ ವ್ಯವಸ್ಥೆ ಮಾಡಿ ಶುಲ್ಕ ಹಾಕಿತು. ಜರ್ಮನಿಯ ಬಹಳಷ್ಟು ನಗರಗಳಲ್ಲಿ ನೀರು ಇಂಗದಂತೆ ಮುಚ್ಚಿದ ನೆಲಕ್ಕೆ ಚದರ ಮೀಟರ್ ಲೆಕ್ಕದಲ್ಲಿ ಹಣ ಕಟ್ಟಬೇಕು. ನಮ್ಮ ನೆಲಕ್ಕೂ ಈ ಯೋಚನೆ ಪರಕೀಯವಲ್ಲ. ಕೆರೆಯ ನೀರುಂಡ ಗದ್ದೆಯ ಫಸಲಿನಲ್ಲಿ ಒಂದು ಪಾಲನ್ನು ಕೆರೆಯ ದುರಸ್ತಿಗೆಂದು ಎತ್ತಿಡುತ್ತಿದ್ದ ಬಿತ್ತುವಟ್ಟವನ್ನು ಶಾಸನಗಳು ದಾಖಲಿಸಿವೆ. ಇಂಥ ಶುಲ್ಕ ಉತ್ತರ ಬೆಂಗಳೂರಿಗೆ ಬರಬೇಕೆಂಬುದೇ ನನ್ನ ನಿಲುವು. ಬಂದ ದಿನ ಏಳುವ ಮೊದಲ ತಕರಾರು ಶಾಲೆಗಳದು: ಸರ್ಕಾರಿ ಶಾಲೆಯೂ ಕಟ್ಟಬೇಕೇ?

ಬೇಡ ಎನ್ನುವುದು ಸಹಜ. ಕರ್ನಾಟಕ ಪೌರನಿಗಮಗಳ ಅಧಿನಿಯಮ, 1976ರಲ್ಲೇ ಶಿಕ್ಷಣಕ್ಕೆ ಬಳಸುವ ಕಟ್ಟಡಗಳಿಗೆ ತೆರಿಗೆ ವಿನಾಯಿತಿ ಇತ್ತು. ಲಾಸ್ ಏಂಜಲೀಸ್ ಕೌಂಟಿಯ ಮತದಾರರು 2018ರಲ್ಲಿ ಒಪ್ಪಿದ ಮಳೆನೀರು ತೆರಿಗೆಯಿಂದಲೂ ಸಾರ್ವಜನಿಕ ಶಾಲೆಗಳನ್ನು ಹೊರಗಿಟ್ಟಿದ್ದಾರೆ. ಆದರೂ ಶಾಲೆ ಎಂಬ ಹೆಸರಿಗೆ ವಿನಾಯಿತಿ ಕೊಡುವುದು ಇಲ್ಲಿ ಸರಿಹೋಗುವುದಿಲ್ಲ. ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 1954ರಲ್ಲಿ, ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ತೆರಿಗೆ ಎಲ್ಲರ ಹೊರೆ, ಶುಲ್ಕ ಪಡೆದ ಸೇವೆಗೆ ಕೊಡುವ ಬೆಲೆ. ಕೇಂದ್ರದ ಆಸ್ತಿಗಳಿಗೆ ಸಂವಿಧಾನವೇ ತೆರಿಗೆ ವಿನಾಯಿತಿ ಕೊಟ್ಟಿದ್ದರೂ, ಅವು ಸ್ಥಳೀಯ ಸಂಸ್ಥೆಗೆ ಸೇವಾಶುಲ್ಕ ಕಟ್ಟುವ ಏರ್ಪಾಡು 2009ರ ರಾಜಕೋಟ್ ಪಾಲಿಕೆಯ ಪ್ರಕರಣದಲ್ಲಿ ಗಟ್ಟಿಯಾಯಿತು. ಮೋರಿಗೆ ನೀರು ಬಿಟ್ಟ ಮೇಲೆ ಬಿಟ್ಟವರು ಶಾಲೆಯವರೋ ಮಾಲ್‌ನವರೋ ಎಂದು ಮೋರಿ ನೋಡುವುದಿಲ್ಲ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಸಾರಾಸಗಟು ವಿನಾಯಿತಿ ಕೊಟ್ಟರೆ ಮಣ್ಣಿನ ಮೈದಾನ ಉಳಿಸಿಕೊಂಡ ಶಾಲೆಯ ಉಪಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ಯಾಟರಾಯನಪುರದ ಮಗ್ಗುಲಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇದೆ, ಸುಮಾರು 1,300 ಎಕರೆ. ಅಷ್ಟು ನೆಲ ಹೊಲವಾಗಿ, ತೋಪಾಗಿ ಉಳಿದಿರುವುದರಿಂದ ಕೆಳಗಿನ ಬಡಾವಣೆಗಳಿಗೆ ಇಳಿಯದೆ ಉಳಿಯುವ ನೀರು ಎಷ್ಟೋ. ಮುಚ್ಚಿದ ನೆಲವನ್ನು ಅಳೆದರೆ ಜಿಕೆವಿಕೆಯ ಶುಲ್ಕ ಅದರ ವಿಸ್ತಾರದ ಮುಂದೆ ಏನೇನೂ ಆಗುವುದಿಲ್ಲ. ಮರಗಳ ಕೆಳಗೆ ಮಣ್ಣಿನ ಅಂಗಳ ಉಳಿಸಿಕೊಂಡ ಸರ್ಕಾರಿ ಶಾಲೆಗೂ ಹಾಗೆಯೇ. ಬಸ್ಸು ನಿಲ್ಲಿಸಲೆಂದು ಗೇಟಿನಿಂದ ಗೋಡೆಯವರೆಗೆ ಇಂಟರ್‌ಲಾಕ್ ಹಾಸಿದ ಶಾಲೆ ಮಾತ್ರ ಹೆಚ್ಚು ಕಟ್ಟಬೇಕಾಗುತ್ತದೆ.

ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ದುಡ್ಡಿನದು. ಸಮಗ್ರ ಶಿಕ್ಷಣದಡಿ ಸರ್ಕಾರಿ ಶಾಲೆಗೆ ವರ್ಷಕ್ಕೆ ಸಿಗುವ ಅನುದಾನ ಮಕ್ಕಳ ಸಂಖ್ಯೆಯ ಮೇಲೆ 10,000 ರೂಪಾಯಿಯಿಂದ 1 ಲಕ್ಷದವರೆಗೆ. ಸೀಮೆಸುಣ್ಣ, ಕರೆಂಟ್ ಬಿಲ್, ಸಣ್ಣಪುಟ್ಟ ರಿಪೇರಿ, ಸ್ವಚ್ಛತೆ ಎಲ್ಲ ಅದರಲ್ಲೇ. ಅದರಿಂದ ಒಂದು ಪೈಸೆ ಕಿತ್ತರೂ ಅನ್ಯಾಯ. ಹಾಗಾಗಿ ಬಿಲ್ಲು ಮುಖ್ಯಶಿಕ್ಷಕರ ಮೇಜಿಗೆ ಬರಕೂಡದು, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ತಲೆಗೂ ಕಟ್ಟಕೂಡದು. ಶಾಲೆಯ ಆಸ್ತಿ ಸರ್ಕಾರದ್ದು, ಕಟ್ಟುವವರೂ ಸರ್ಕಾರವೇ ಆಗಬೇಕು. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದಂತಾಯಿತು ಎನ್ನುವವರಿದ್ದಾರೆ. ಪಾಲಿಕೆಯ ಜೇಬು ರಾಜ್ಯದ ಜೇಬಲ್ಲ. ಅಲ್ಲದೆ ಇಲಾಖೆ ವರ್ಷವರ್ಷ ಹಣ ಕಟ್ಟುವಂತಾದರೆ, ಹೊಸ ಕೊಠಡಿಯ ಜತೆಗೆ ಅಂಗಳಕ್ಕೂ ಕಾಂಕ್ರೀಟ್ ಸೇರಿಸಿ ಅಂದಾಜುಪಟ್ಟಿ ಬರೆಯುವ ಎಂಜಿನಿಯರ್ ಒಮ್ಮೆ ಯೋಚಿಸುತ್ತಾರೆ.

ಮಕ್ಕಳು ತುಳಿದು ಗಟ್ಟಿಯಾದ ಮೈದಾನದಲ್ಲಿ ನೀರು ಇಂಗುವುದೆಲ್ಲಿ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅಂಥ ನೆಲ ಹೊಲದಷ್ಟು ನೀರು ಕುಡಿಯುವುದಿಲ್ಲ. ಆದರೆ ಅಂಚಿನಲ್ಲಿ ಉದ್ದಕ್ಕೆ ಇಂಗುಗುಂಡಿ ತೋಡಿ ಇಳಿಜಾರನ್ನು ಅತ್ತ ತಿರುಗಿಸಿದರೆ, ಜೋರು ಮಳೆಯ ಮೊದಲ ಗಂಟೆಯ ನೀರನ್ನಾದರೂ ಅದು ತಡೆಯಬಲ್ಲದು, ಕೆಳಗಿನ ಮನೆಗಳು ಮುಳುಗುವುದೂ ಆ ಹೊತ್ತಿನಲ್ಲೇ. ಈ ಕೆಲಸ ಮಾಡಿಸಿಕೊಂಡ ಶಾಲೆಗೆ ಶುಲ್ಕ ಪೂರ್ತಿ ಮನ್ನಾ ಆಗಲಿ. ಖಾಸಗಿ ಶಾಲೆ ಶುಲ್ಕವನ್ನು ಪೋಷಕರ ಮೇಲೆ ಹೇರುತ್ತದೆ ಎಂಬ ಭಯಕ್ಕೂ ಇದೇ ಮದ್ದು.

ಉಳಿಯುವುದು ನಂಬಿಕೆಯ ಪ್ರಶ್ನೆ, ಅದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಗ್ರಂಥಾಲಯ ಉಪಕರವನ್ನು ಜನರಿಂದ ವಸೂಲು ಮಾಡಿ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಂಡ ಚರಿತ್ರೆ ಬಿಬಿಎಂಪಿಯದು. ಹೊಸ ಪಾಲಿಕೆ ಮಳೆನೀರಿನ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಯಲಹಂಕದಿಂದ ರಾಚೇನಹಳ್ಳಿಯವರೆಗೆ ಯಾವ ಕಾಲುವೆಯ ಹೂಳಿಗೆ ಎಷ್ಟು ಹೋಯಿತೆಂದು ವಾರ್ಡ್ ಕಚೇರಿಯ ಗೋಡೆಯ ಮೇಲೆ ಬರೆಯಬೇಕು. ಶಾಲೆಯ ಅಂಗಳ ಅಳೆಯಲು ಟೇಪು ಹಿಡಿದು ಹೋಗುವುದು ಅದಾದ ಮೇಲೆ.