ಫೋನಿನಲ್ಲಿ ಅಂಗಡಿ, ಬೀಗದ ಕೈ ಯಾರ ಹತ್ತಿರ?

ಓದುಗ ಸೋದರಿಯರೇ, ಅಡಿಗೆಮನೆ ಕೆಲಸ ಮುಗಿಸಿ ಮಧ್ಯಾಹ್ನ ಒಂದು ಗಳಿಗೆ ಕೂತಾಗ, "ನಾನೂ ನಾಲ್ಕು ಕಾಸು ಸಂಪಾದಿಸಿದರೆ ಹೇಗೆ?" ಎಂದು ನಿಮಗೂ ಅನ್ನಿಸಿರಬೇಕಲ್ಲವೇ? ನನಗೆ ಹಾಗನ್ನಿಸಿದ್ದು ಮೂರು ವರ್ಷದ ಹಿಂದೆ. ನಮ್ಮದು ಶಿಡ್ಲಘಟ್ಟ. ನಮ್ಮವರಿಗೆ ರೇಷ್ಮೆಗೂಡಿನ ವ್ಯಾಪಾರ. ಗೂಡಿನ ಮಾರುಕಟ್ಟೆಗೇ ಇ-ಹರಾಜು ಬಂದಿರುವಾಗ ನನ್ನ ಕಡ್ಲೆಕಾಯಿ ಚಟ್ನಿಪುಡಿ ಯಾಕೆ ಹಿಂದೆ ಬೀಳಬೇಕು ಎಂದುಕೊಂಡು ವಾಟ್ಸಾಪಿನಲ್ಲಿ ಒಂದು ಫೋಟೋ ಹಾಕಿದೆ. ಚಿಂತಾಮಣಿಯ ನಾದಿನಿ ಎರಡು ಕೆ.ಜಿ. ಕೇಳಿದಳು. ಗೌರಿಬಿದನೂರಿನ ಓರಗಿತ್ತಿ ತನ್ನ ಬೀದಿಯವರಿಗೆಲ್ಲ ಹೇಳಿದಳು. ಚಳಿಗಾಲ ಬಂತು; ಹಿತಕಿದ ಅವರೆಬೇಳೆ ಕರಿದು ಖಾರ ಹಾಕಿ ಕೊಟ್ಟೆ. ಬೆಂಗಳೂರಿನವರೂ ಕೇಳತೊಡಗಿದರು. ನನ್ನ ಸಂಭ್ರಮ ಹೇಳತೀರದು ಎನ್ನಿ.

ಒಂದು ದಿನ ಚಿಕ್ಕಬಳ್ಳಾಪುರದಿಂದ ಎಂದು ಒಬ್ಬರು ಫೋನು ಮಾಡಿದರು. ಮನೆಯಲ್ಲಿ ನಾಮಕರಣವಂತೆ, ನಿಪ್ಪಟ್ಟು, ಅವರೆಬೇಳೆ ಬೇಕಂತೆ. ಒಟ್ಟು 2,400 ರೂಪಾಯಿ. "ಅಕ್ಕಾ, ದುಡ್ಡು ಹಾಕಿದ್ದೀನಿ, ನೋಡ್ಕೊಳ್ಳಿ" ಎಂದು ಹಣ ಕಳಿಸಿದ ಚಿತ್ರವನ್ನೂ ಕಳಿಸಿದರು. ಹುಡುಗನೊಬ್ಬ ಗಾಡಿಯಲ್ಲಿ ಬಂದು ಡಬ್ಬಿಗಳನ್ನು ಒಯ್ದ. ಸಂಜೆ ನಮ್ಮವರು ಮನೆಗೆ ಬಂದಾಗ ಗೊತ್ತಾಯಿತು, ಖಾತೆಗೆ ಒಂದು ಪೈಸೆಯೂ ಬಿದ್ದಿಲ್ಲ! ಆ ಚಿತ್ರವೇ ಸುಳ್ಳು.

"ಇದೆಲ್ಲ ನಿನಗ್ಯಾಕೆ ಬೇಕಿತ್ತು? ಸಾಕು ಬಿಡು" ಎಂದರು ನಮ್ಮವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುವ ನಾನೇ ಮೋಸಹೋಗಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಯೋಚಿಸುತ್ತಾ ಹೋದಂತೆ ಒಂದು ವಿಷಯ ಹೊಳೆಯಿತು. ದುಡ್ಡು ಬಂತೋ ಇಲ್ಲವೋ ನೋಡಲು ನನಗೆ ದಾರಿಯೇ ಇರಲಿಲ್ಲ. ಖಾತೆ ನಮ್ಮವರದು. ಬ್ಯಾಂಕಿನ ಸಂದೇಶ ಬರುವುದು ಅವರ ಫೋನಿಗೆ. ಅವರಾದರೋ ಆ ಹೊತ್ತಿನಲ್ಲಿ ಹರಾಜಿನ ಗಲಾಟೆಯಲ್ಲಿ. ಅಂಗಡಿ ನನ್ನದು, ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ!

ನಮ್ಮಲ್ಲಿ ಬಹಳ ಮಂದಿಯ ಕಥೆ ಇದೇ. ಸಿಮ್ಮು ಮಗನ ಹೆಸರಿನಲ್ಲಿ, ಖಾತೆ ಗಂಡನ ಹೆಸರಿನಲ್ಲಿ, ದುಡಿಮೆ ಮಾತ್ರ ನಮ್ಮದು.

ಖಾತೆ ನಿಮ್ಮದಾಗಿರಲಿ

ಮರುವಾರವೇ ಬ್ಯಾಂಕಿಗೆ ಹೋಗಿ ನನ್ನ ಹೆಸರಿನಲ್ಲೊಂದು ಖಾತೆ ತೆರೆದೆ. ಯುಪಿಐ ನಡೆಯುವುದು ಬ್ಯಾಂಕಿನಲ್ಲಿ ಕೊಟ್ಟ ಫೋನ್ ನಂಬರಿನ ಮೇಲೆ. ಆದ್ದರಿಂದ ನಂಬರೂ ನಿಮ್ಮದೇ ಆಗಿರಲಿ. ಚಿತ್ರ ನೋಡಿ ನಂಬಬೇಡಿ. ಖಾತೆಯಲ್ಲಿ ಹಣ ಕಂಡ ಮೇಲೆ ಡಬ್ಬಿ ಕೊಡಿ. ಇನ್ನೊಂದು ಮಾತು: ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. "ದುಡ್ಡು ಬರುತ್ತೆ, ಪಿನ್ ಒತ್ತಿ" ಎಂದರೆ ಅದು ಮೋಸವೇ. ಖಾತೆಯಿಂದ ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿ, ನಾಚಿಕೊಂಡು ಸುಮ್ಮನಿರಬೇಡಿ.

ನಿಮ್ಮ ಕೂಲಿ ಬರೆದುಕೊಳ್ಳಿ

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಒಂದು ಕೆ.ಜಿ. ಚಟ್ನಿಪುಡಿಗೆ ಸಾಮಾನು 180 ರೂಪಾಯಿ, ಗ್ಯಾಸು 15, ಕವರು-ಡಬ್ಬಿ 25, ಕೊರಿಯರ್ 70, ಒಟ್ಟು 290. ನಾನು ಮಾರುತ್ತಿದ್ದುದು 300ಕ್ಕೆ! ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟಿದ್ದಕ್ಕೆ ಸಿಕ್ಕಿದ್ದು ಹತ್ತು ರೂಪಾಯಿ. ಈಗ ನನ್ನ ಕೂಲಿಯನ್ನೂ ಸೇರಿಸಿ 350 ಹೇಳುತ್ತೇನೆ, ಕಳಿಸುವ ಖರ್ಚು ಬೇರೆ. ಚೌಕಾಸಿ ಮಾಡಿ ಬಿಟ್ಟುಹೋದವರೂ ಇದ್ದಾರೆ. ಹೋಗಲಿ ಬಿಡಿ. ರುಚಿ ಹತ್ತಿದವರು ಮತ್ತೆ ಬಂದೇ ಬರುತ್ತಾರೆ.

ಕಾಗದ-ಪತ್ರ ಸರಿಯಿರಲಿ

ಮನೆಯಲ್ಲೇ ಮಾಡಿ ಮಾರಿದರೂ ತಿಂಡಿ-ತಿನಿಸಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ನಾನು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಅವರು ಕೊಡುವ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನ, ತೂಕ, ಇವೆಲ್ಲ ಪೊಟ್ಟಣದ ಮೇಲಿದ್ದರೆ ಕೊಳ್ಳುವವರಿಗೂ ನಂಬಿಕೆ.

2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ ನನಗೂ ಎದೆ ಡವಡವ ಎಂದಿತ್ತು. ವಿಚಾರಿಸಿದಾಗ ತಿಳಿಯಿತು: ರಾಜ್ಯದೊಳಗೆ ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದರೆ. ನಮ್ಮಂಥವರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಚೀಟಿ ಹಣ, ತವರಿನ ಹಣ, ವ್ಯಾಪಾರದ ಹಣ ಒಂದೇ ಖಾತೆಯಲ್ಲಿ ಕಲೆತರೆ ನಾಳೆ ಯಾರಾದರೂ ಕೇಳಿದಾಗ ಬಿಡಿಸಿ ಹೇಳುವುದು ಕಷ್ಟ. ಬೇರೆ ಖಾತೆ, ಬೇರೆ ನೋಟ್‌ಬುಕ್ ಇದಕ್ಕೂ ಒಳ್ಳೆಯದು.

ಆ 2,400 ರೂಪಾಯಿ ತಿರುಗಿ ಬರಲಿಲ್ಲ. ಆದರೆ ಹೋದ ತಿಂಗಳು ಗೂಡಿನ ವ್ಯಾಪಾರದಲ್ಲಿ ಏಟು ಬಿದ್ದಾಗ, "ಸಾಕು ಬಿಡು" ಎಂದಿದ್ದ ನಮ್ಮವರೇ, "ಮಗಳ ಕಾಲೇಜು ಫೀಜಿಗೆ ನಿನ್ನ ಹತ್ತಿರ ಏನಾದ್ರೂ ಇದೆಯಾ?" ಎಂದು ಮೆಲ್ಲಗೆ ಕೇಳಿದರು. ಇತ್ತು. ನನ್ನ ಖಾತೆಯಿಂದ, ನಾನೇ ಕಟ್ಟಿದೆ.

ಸೋದರಿಯರೇ, ನಿಮ್ಮ ಅಂಗಡಿಯ ಬೀಗದ ಕೈ ಯಾರ ಹತ್ತಿರ ಇದೆ? ಇವತ್ತೇ ಒಮ್ಮೆ ನೋಡಿಕೊಳ್ಳಿ.