ಕಿಮೋ ಮಿರಜದಲ್ಲಿ, ಮನಸ್ಸಿನ ಮಾತು ಯಾರಲ್ಲಿ?

ಮಹಾರಾಷ್ಟ್ರದ ಜತ್ತ ತಾಲ್ಲೂಕು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಗಡಿ ತಂಟೆಗೆ, ಇಲ್ಲವೇ ನೀರಿನ ಬರಕ್ಕೆ. ಉಮದಿ, ಸಂಖದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಸಂತೆಪೇಟೆಗೆ ಎರಡೂ ನಡೆಯುತ್ತವೆ. ಕ್ಯಾನ್ಸರ್ ಬಂದಾಗ ಹಾಗಲ್ಲ. ದೊಡ್ಡ ಚಿಕಿತ್ಸೆಗೆ ಮಿರಜ, ಸಾಂಗಲಿ ಅಥವಾ ಸೊಲ್ಲಾಪುರಕ್ಕೆ ಹೋಗಬೇಕು. ಕಿಮೋಗೆ, ವಿಕಿರಣಕ್ಕೆ ಭಾಷೆಯ ಹಂಗಿಲ್ಲ; ಆಪ್ತಸಮಾಲೋಚನೆಗೆ ಮಾತೇ ಔಷಧಿ. ಎಲ್ಲಿ ನೋಯುತ್ತದೆ ಎಂಬುದನ್ನು ಅರೆಬರೆ ಮರಾಠಿಯಲ್ಲೂ ತೋರಿಸಿ ಹೇಳಬಹುದು. ‘ರಾತ್ರಿ ನಿದ್ದಿ ಯಾಕ ಬರವಲ್ದು’ ಎಂಬುದನ್ನು ಬಿಚ್ಚಿಡಲು ಮನೆಮಾತೇ ಬೇಕು. ಹಾಗಾಗಿ ಆಪ್ತಸಮಾಲೋಚನೆ ಇಲ್ಲಿಯವರಿಗೆ ಕನ್ನಡದಲ್ಲೇ ಸಿಗಬೇಕು. ಅದಕ್ಕಾಗಿ ಮನೋವೈದ್ಯರು ಬರಲೆಂದು ಕಾಯಬೇಕಾಗಿಯೂ ಇಲ್ಲ.

ಕ್ಯಾನ್ಸರ್ ಬಂದವರೆಲ್ಲ ಕುಗ್ಗಿಹೋಗುತ್ತಾರೆಂಬುದು ನಿಜವಲ್ಲ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಖಿನ್ನತೆ, ಆತಂಕದಂಥ ತೊಂದರೆಗಳಲ್ಲಿ ಒಂದಾದರೂ ಇರುವವರು ಆಸ್ಪತ್ರೆಯ ರೋಗಿಗಳಲ್ಲಿ ಶೇ. 30ರಿಂದ 40. ಅವರನ್ನು ಗುರುತಿಸುವುದು ಕಷ್ಟವಲ್ಲ: ಈ ವಾರದ ಸಂಕಟಕ್ಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ಕೂತು ಮಾತಾಡಿಸುವುದು ರೂಢಿ. ಆಮೇಲಿನ ಕೆಲಸವೂ ಮಾಯಾಮಂತ್ರವಲ್ಲ. ಚಿಂತೆಗಳನ್ನು ಒಂದೊಂದಾಗಿ ಬಿಡಿಸುವುದು, ಬಗೆಹರಿಯುವುದನ್ನು ಬಗೆಹರಿಸುವುದು, ಹಾಸಿಗೆ ಹಿಡಿದ ದಿನಚರಿಗೆ ಸಣ್ಣ ಕೆಲಸವೊಂದನ್ನು ಮರಳಿ ಸೇರಿಸುವುದು. ಸ್ಕಾಟ್ಲೆಂಡಿನಲ್ಲಿ ತರಬೇತಿ ಪಡೆದ ಕ್ಯಾನ್ಸರ್ ನರ್ಸ್‌ಗಳು ಮನೋವೈದ್ಯರ ಉಸ್ತುವಾರಿಯಲ್ಲಿ ಇದನ್ನೇ ಮಾಡಿದರು, ಬೇಕಾದವರಿಗೆ ಮಾತ್ರೆಯೂ ಸಿಕ್ಕಿತು. 2014ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಖಿನ್ನತೆ ಅರ್ಧದಷ್ಟಾದರೂ ಇಳಿದವರು ಶೇ. 62, ಮಾಮೂಲಿ ಆರೈಕೆಯಲ್ಲಿ ಶೇ. 17 ಮಾತ್ರ. ಶ್ರೀಮಂತ ದೇಶದ ಮಾತಾಯಿತು ಎನ್ನುವವರು ಗೋವಾ ನೋಡಲಿ. ಅಲ್ಲಿ ವೈದ್ಯಕೀಯ ಓದಿಲ್ಲದ ಸಲಹೆಗಾರರೇ ಕೆಲವು ಭೇಟಿಗಳಲ್ಲಿ ಖಿನ್ನತೆ ಇಳಿಸಿದ್ದು 2017ರಲ್ಲಿ ದಾಖಲಾಗಿದೆ. ಅಲ್ಲಿ ಚಿಕಿತ್ಸೆ ಪಡೆದವರು ಕ್ಯಾನ್ಸರ್ ರೋಗಿಗಳಲ್ಲ, ನಿಜ. ಆದರೆ ಕೌಶಲ ಅದೇ.

ಬಸ್ ಚಾರ್ಜಿಗೇ ಪರದಾಡುವವರಿಗೆ ಸಮಾಲೋಚನೆ ಯಾಕೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ವಾರಕ್ಕೆ ಐದು ದಿನ ವಿಕಿರಣವೆಂದರೆ ಅಷ್ಟೂ ದಿನದ ಕೂಲಿ ಹೋಯಿತು. ಹಾಗಾಗಿ ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಫುಲೆ ಆರೋಗ್ಯ ಯೋಜನೆಯ ಕಾಗದಪತ್ರ ಹೊಂದಿಸುವುದೂ ಒಳ್ಳೆಯ ಸಮಾಲೋಚನೆಯ ಭಾಗವೇ. ನೋವಿಗೆ ಮಾರ್ಫಿನ್ ಕೊಡದೆ ಬರೀ ಸಮಾಧಾನ ಹೇಳಿದರೆ ಅದು ಮೋಸ. ಮನೆಯವರು ಧೈರ್ಯ ಹೇಳುವುದಿಲ್ಲವೇ ಎಂದರೆ, ಹೇಳುತ್ತಾರೆ. ‘ಏನೂ ಆಗಿಲ್ಲ, ಸುಮ್ಮನಿರು’ ಎಂಬ ಆ ಧೈರ್ಯವೇ ಎಷ್ಟೋ ಸಲ ರೋಗಿಯ ಬಾಯಿ ಕಟ್ಟುತ್ತದೆ. ಮನೆಯವರು ಕಾಯಿಲೆಯ ಹೆಸರು ಮುಚ್ಚಿಡುತ್ತಾರೆ, ರೋಗಿ ತನಗೆ ಗೊತ್ತಾಗಿದ್ದನ್ನು ಮುಚ್ಚಿಡುತ್ತಾನೆ. ಇನ್ನು ಆಯುಷ್ಯದ ಮಾತು. ಗುಂಪು ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು 1989ರ ಅಧ್ಯಯನವೊಂದು ಹೇಳಿತ್ತು. ಆದರೆ 2001ರ ಕೆನಡಾದ ಇಂಥದೇ ಪ್ರಯೋಗದಲ್ಲಿ ಆಯುಷ್ಯ ಹೆಚ್ಚಲಿಲ್ಲ, ಸಂಕಟ ಮತ್ತು ನೋವಿನ ಅನುಭವ ಇಳಿಯಿತು. ಅಷ್ಟು ಸಾಕು. ಮನಸ್ಸು ಗಟ್ಟಿಯಿದ್ದರೆ ಕ್ಯಾನ್ಸರ್ ಸೋಲುತ್ತದೆಂದು ಭಾಷಣ ಮಾಡುವವರು, ಕಾಯಿಲೆ ಮರುಕಳಿಸಿದವರ ತಲೆಗೆ ತಪ್ಪನ್ನೂ ಕಟ್ಟುತ್ತಾರೆ.

2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. ಆದರೆ ಅದು ಎಲ್ಲ ಬಗೆಯ ಮನೋವ್ಯಥೆಗೆ ಇರುವ ಸೇವೆ. ಕಿಮೋ ಮುಗಿಸಿ ಬಂದವರನ್ನು ತಾನಾಗಿ ವಿಚಾರಿಸುವುದಿಲ್ಲ. ಆ ಕೆಲಸವನ್ನು ಕನ್ನಡ ಬಲ್ಲ ಸ್ಥಳೀಯ ನರ್ಸ್, ಆಶಾ ಕಾರ್ಯಕರ್ತೆಯರಿಗೆ ಕಲಿಸಬೇಕು. ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್ ಸಂಸ್ಥೆಗಳಲ್ಲಿ ಈ ವಿದ್ಯೆ ಬಲ್ಲ ಕನ್ನಡಿಗರಿದ್ದಾರೆ. ತರಬೇತಿ ವಿಡಿಯೊ ಕರೆಯಲ್ಲೂ ನಡೆದೀತು, ಎರಡು ಸರ್ಕಾರಗಳ ನಡುವೆ ಒಂದು ಪತ್ರ ಓಡಾಡಿದರೆ.